ನಾಲ್ಕು ತಿರುಪುಮೊಳೆ

ಕೃಷ್ಣಮೂರ್ತಿಪುರಂನ ಹಳೆಯ ಮನೆಯೊಂದರ ಹಿಂದಿನ ಜಗಲಿಯಲ್ಲಿ ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ಎರಡು ತಿಂಗಳಿಂದ ಎಲೆಕ್ಟ್ರಿಕ್ ಗಿಟಾರೊಂದನ್ನು ಕಟ್ಟುತ್ತಿದ್ದ. ಒಡಲು ಹಲಸಿನದು, ಕತ್ತು ಬೀಟೆಯದು. ಹಲಸನ್ನು ಸಾಮಿಲ್ಲಿನಿಂದ ಕೊಂಡು ತಂದದ್ದಾಯಿತು. ಬೀಟೆಯಾದರೋ ಅಜ್ಜನ ಮಂಚದ ಪಕ್ಕದ ಹಲಗೆ. ಕತ್ತು ಸೀಳಿಹೋದರೆ ಮುರಿಯಲು ಮನೆಯಲ್ಲಿ ಇನ್ನೊಂದು ಮಂಚವಿಲ್ಲ. ಎರಡನ್ನೂ ಕೂಡಿಸುವ ದಿನ ಬಂದಾಗ ಅವನ ಕೈ ಹಿಂಜರಿದುದು ಸಹಜವೇ.

ತಾಯಿ ವೀಣೆ ಕಲಿತವರು. “ಅಂಟು ಹಾಕಿ ಕೂಡಿಸಿಬಿಡಬಾರದೇ?” ಎಂದರು. ಅವರ ಮಾತಿನ ಹಿಂದೆ ಮೈಸೂರಿನ ಒಂದು ಪರಂಪರೆಯೇ ಇತ್ತು. ಒಂದೇ ಮರದಲ್ಲಿ ಕಡೆದ ಏಕಾಂಡ ವೀಣೆಯಲ್ಲಿ ಕೂಡಿಸುವ ಪ್ರಶ್ನೆಯೇ ಏಳುವುದಿಲ್ಲ. ಉಳಿದ ವೀಣೆಗಳಲ್ಲಿ ಕೊಡಕ್ಕೆ ದಂಡಿಯನ್ನು ಸೇರಿಸಿ, ಸಂದು ಕಾಣದಂತೆ ಪಟ್ಟಿ ಕಟ್ಟುತ್ತಾರೆ. ಸೇರಿದ್ದು ಸೇರಿತು, ದಂಡಿ ಬಾಗಿದರೆ ವೀಣೆ ಮಾಡುವವರ ಮನೆಗೇ ಹೋಗಬೇಕು. ಪಿಟೀಲಿನ ಕತ್ತೂ ಅಂಟಿನ ಮೇಲೆಯೇ ನಿಂತಿರುವುದು. ಮೈಸೂರು ಟಿ. ಚೌಡಯ್ಯನವರು (1895–1967) ಅದೇ ಪಿಟೀಲಿಗೆ ನಾಲ್ಕರ ಬದಲು ಏಳು ತಂತಿ ಬಿಗಿದು ನುಡಿಸಿದರೆಂಬುದನ್ನು ನೆನೆದರೆ ಅಂಟನ್ನು ಹಗುರವಾಗಿ ಕಾಣುವಂತಿಲ್ಲ.

ಆದರೆ ಹುಡುಗನು ಹಿಡಿದ ದಾರಿ ಬೇರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೇಡಿಯೋ ರಿಪೇರಿ ಮಾಡಿಕೊಂಡಿದ್ದ ಲಿಯೋ ಫೆಂಡರ್ ಎಂಬಾತ 1950ರಲ್ಲಿ ಮಾರುಕಟ್ಟೆಗೆ ತಂದ ಗಿಟಾರಿನ ಕತ್ತು ನಾಲ್ಕು ತಿರುಪುಗಳಿಂದ ಒಡಲಿಗೆ ಸೇರಿತ್ತು. ಕೆಟ್ಟರೆ ಬಿಚ್ಚು, ಬೇರೆ ಹಾಕು. ರೇಡಿಯೋದ ವಾಲ್ವು ಬದಲಾಯಿಸಿದವನಿಗೆ ಹೊಳೆಯಬಹುದಾದ ಉಪಾಯವೇ ಸರಿ. ಜಗತ್ತು ಇದನ್ನು ‘ಬೋಲ್ಟ್-ಆನ್’ ಎನ್ನುತ್ತದೆ. ವಿನೋದವೆಂದರೆ ಅದರಲ್ಲಿ ಬೋಲ್ಟೂ ಇಲ್ಲ, ನಟ್ಟೂ ಇಲ್ಲ. ಇರುವುದು ಬಡಗಿಯ ಮರದ ತಿರುಪು.

ಕಬ್ಬಿಣದಂಗಡಿಗೆ ಹೋದ ಹುಡುಗನು ಧೈರ್ಯಕ್ಕಾಗಿ 50 ಮಿಲಿಮೀಟರಿನ ತಿರುಪುಗಳನ್ನು ತಂದನು. ಉದ್ದವಾದಷ್ಟೂ ಹಿಡಿತ ಹೆಚ್ಚೆಂಬುದು ಎಲ್ಲರ ನಂಬಿಕೆ. ಮನೆಗೆ ಬಂದು ಕಾಗದದ ಮೇಲೆ ಗೆರೆ ಎಳೆದಾಗ ಎದೆ ಝಲ್ಲೆಂದಿತು. ಒಡಲಿನ ದಪ್ಪ 45 ಮಿಲಿಮೀಟರು. ಕತ್ತು ಕೂರುವ ಗುಳಿ 16. ಗುಳಿಯ ಕೆಳಗೆ ಉಳಿಯುವ ಮರ 29. ಹಿಂಬದಿಯ ಲೋಹದ ತಗಡಿಗೆ 2. ಅಲ್ಲಿಗೆ 31 ಕಳೆದರೆ ಕತ್ತಿನೊಳಗೆ 19 ನುಗ್ಗುತ್ತದೆ. ಕತ್ತಿನ ಬುಡದ ದಪ್ಪ 25. ಅದರಲ್ಲಿ ಮೇಲಿನ 6 ಮೆಟ್ಟಿಲುಗಳನ್ನು ಕೂರಿಸುವ ಪಟ್ಟಿ. ಎಂದರೆ ತಿರುಪಿನ ಮೂತಿ ನೇರವಾಗಿ ಆ ಪಟ್ಟಿಯ ಅಂಟಿಗೇ ಮುಟ್ಟಿ, ಅದನ್ನು ಮೇಲಕ್ಕೆ ತಳ್ಳುತ್ತಿತ್ತು! 45 ಮಿಲಿಮೀಟರಿನದಾದರೆ 14 ಮಾತ್ರ ಒಳಗೆ ಹೋಗಿ, ಮೇಲೆ 5 ಉಳಿಯುತ್ತದೆ. ಹಾಳಾದದ್ದು ಅಂಗಡಿಗೆ ಇನ್ನೊಂದು ಸಲ ಸೈಕಲ್ ತುಳಿದ ಶ್ರಮವಷ್ಟೆ.

ಇನ್ನು ತೂತಿನ ವಿಚಾರ. ಅನೇಕರು ತಪ್ಪುವುದು ಇಲ್ಲಿಯೇ. 4.2 ಮಿಲಿಮೀಟರು ದಪ್ಪದ ತಿರುಪಿಗೆ ಒಡಲಿನಲ್ಲಿ 4.5ರ ತೂತು ಬೇಕು. ತಿರುಪು ಅಲ್ಲಿ ಹಿಡಿಯಕೂಡದು, ಸಲೀಸಾಗಿ ಜಾರಬೇಕು. ಹಿಡಿಯಬೇಕಾದುದು ಕತ್ತಿನ ಮರದಲ್ಲಿ ಮಾತ್ರ. ಎರಡೂ ಕಡೆ ಹಿಡಿದರೆ ನಡುವೆ ಕೂದಲೆಳೆಯಷ್ಟು ಸಂದು ಉಳಿದರೂ ಎಷ್ಟು ತಿರುಗಿಸಿದರೂ ಅದು ಮುಚ್ಚದು. ಅದೇ ತಿರುಪು ಎರಡನ್ನೂ ದೂರದಲ್ಲೇ ಹಿಡಿದು ನಿಲ್ಲಿಸುತ್ತದೆ. ಜಗಳವಾಡುವ ಇಬ್ಬರನ್ನು ಸಮಾಧಾನಪಡಿಸಲು ಹೋಗಿ ನಡುವೆ ತಾನೇ ಅಡ್ಡ ನಿಂತ ಹಿರಿಯನಂತೆ. ಆರು ಉಕ್ಕಿನ ತಂತಿಗಳು ಶ್ರುತಿಗೆ ಬಂದಾಗ ಒಟ್ಟು ಸುಮಾರು 45 ಕಿಲೋಗ್ರಾಮಿನ ಸೆಳೆತ. ಅದನ್ನು ತಡೆಯುವುದು ಗುಳಿಯಲ್ಲಿ ಮರಕ್ಕೆ ಮರ ಒತ್ತಿ ನಿಂತ ಬಿಗಿ. ತಿರುಪಿನ ಕೆಲಸ ಒತ್ತುವುದಷ್ಟೆ. 1971ರಲ್ಲಿ ಫೆಂಡರ್ ಕಂಪನಿಯವರು ಕೆಲವು ಗಿಟಾರುಗಳಲ್ಲಿ ನಾಲ್ಕರ ಬದಲು ಮೂರು ತಿರುಪು ಬಳಸಿ, ಕತ್ತು ಅಲುಗುವುದೆಂಬ ದೂರು ಕೇಳಿದರು. ಬೈಗುಳವೆಲ್ಲ ಮೂರೆಂಬ ಅಂಕಿಯ ಪಾಲಿಗೆ ಬಂತು. ಸಡಿಲವಾಗಿ ಕೊರೆದ ಗುಳಿಗೂ ಅದರಲ್ಲಿ ಪಾಲಿದ್ದುದನ್ನು ನೆನೆದವರು ಕಡಿಮೆ.

ಕತ್ತಿನಲ್ಲಿ ತೂತು 3 ಮಿಲಿಮೀಟರು. ಬೀಟೆ ಮೃದು ಮರವಲ್ಲ. ಮುಂಚೆ ತೂತು ಕೊರೆಯದೆ ತಿರುಪನ್ನು ನುಗ್ಗಿಸಿದರೆ ಮರ ಸೀಳುತ್ತದೆ, ಇಲ್ಲವೇ ತಿರುಪಿನ ತಲೆ ಕಿತ್ತು ಕೈಗೆ ಬರುತ್ತದೆ. ಹೊಳೆಯುವ ಹಿತ್ತಾಳೆ ತಿರುಪಿನ ಮೇಲೆ ಹುಡುಗನಿಗೆ ಮೋಹವಿತ್ತು. ಅದು ಮೆತ್ತಗಿನ ಲೋಹ, ಬೀಟೆಯಲ್ಲಿ ಅದೇ ಮೊದಲು ಮುರಿಯುವುದು. ಉಕ್ಕನ್ನೇ ಆರಿಸಿದನು. ತಿರುಪಿಗೆ ಸೋಪು ಸವರುವವರುಂಟು. ಸೋಪು ತೇವವನ್ನು ಎಳೆದು ತುಕ್ಕು ತರುತ್ತದೆ. ತಾಯಿ ಒಳಗಿನಿಂದ ಜೇನುಮೇಣದ ಗಡ್ಡೆ ತಂದುಕೊಟ್ಟರು. ವೀಣೆಗೆ ಮೇಳ ಕಟ್ಟಲು, ಎಂದರೆ ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನು ಕೂರಿಸಲು, ಇಟ್ಟಿದ್ದ ಮೇಣವದು.

ಮೇಲಿಂದ ಮೇಲೆ ಬಿಚ್ಚಿ ಹಾಕುವ ಚಪಲವಿರುವವರಿಗೆ ಇನ್ನೊಂದು ದಾರಿಯುಂಟು: ಕತ್ತಿನೊಳಗೆ ಲೋಹದ ಮರೆಯನ್ನು ಹೂತು, ಅದರೊಳಕ್ಕೆ ಎಂ4 ಅಳತೆಯ ಯಂತ್ರದ ತಿರುಪನ್ನು ಬಿಗಿಯುವುದು. ಹೂಳುವಾಗ ಕೈ ಓರೆಯಾದರೆ ಮಾತ್ರ ಮಂಚದ ಹಲಗೆಯ ಕಥೆ ಮುಗಿಯಿತು. ಮೊದಲ ಗಿಟಾರಿಗೆ ಆ ಸಾಹಸ ಬೇಡ. ಮರದ ತಿರುಪೂ ಅನೇಕ ಸಲ ಬಿಚ್ಚಿ ಹಾಕುವುದನ್ನು ತಾಳುತ್ತದೆ. ಮತ್ತೆ ಹಾಕುವಾಗ ಮೊದಲು ಹಿಂದಕ್ಕೆ ತಿರುಗಿಸಿ, ‘ಟಕ್’ ಎಂದು ಹಳೆಯ ಜಾಡಿಗೆ ಬಿದ್ದ ಮೇಲೆ ಮುಂದಕ್ಕೆ ತಿರುಗಿಸಬೇಕು.

ಭಾನುವಾರ ಸಂಜೆ ತಂತಿ ಏರಿತು. ಕತ್ತು ಅಲುಗಲಿಲ್ಲ, ಬೀಟೆ ಸೀಳಲಿಲ್ಲ. ಆದರೆ ತಂತಿಗಳು ಮೆಟ್ಟಿಲುಗಳಿಂದ ತೀರ ಎತ್ತರದಲ್ಲಿದ್ದು ಬೆರಳು ನೊಂದಿತು. ವೀಣೆಯಾಗಿದ್ದರೆ ಆಟೋ ಹಿಡಿಯಬೇಕಾಗಿತ್ತು. ಹುಡುಗ ತಂತಿ ಸಡಿಲಿಸಿ, ನಾಲ್ಕು ತಿರುಪು ಬಿಚ್ಚಿ, ಗುಳಿಯ ಒಳತುದಿಗೆ ಮದುವೆಯ ಆಮಂತ್ರಣದಿಂದ ಕತ್ತರಿಸಿದ ದಪ್ಪ ಕಾಗದದ ಸೀಳೊಂದನ್ನಿಟ್ಟು, ಮತ್ತೆ ಬಿಗಿದನು. ಕತ್ತು ತುಸು ಹಿಂದಕ್ಕೆ ವಾಲಿ ತಂತಿಗಳು ಇಳಿದವು.

“ಯಾರ ಮದುವೆಯದೋ?” ಎಂದರು ತಾಯಿ.

“ಮುಗಿದದ್ದು,” ಎಂದು ಹುಡುಗ ಶ್ರುತಿ ಮಾಡತೊಡಗಿದನು.