ದನಿ ಬೇಕು, ಮುಖ ಬೇಡ್ವಾ?

"ವಿಡಿಯೋ ಗೇಮಲ್ಲೂ ಬಣ್ಣ, ಜಾತಿ ಹುಡುಕ್ತೀರಲ್ಲ ಮಾರಾಯ್ರೇ" ಅನ್ನೋರಿಗೆ ಈ ಪೋಸ್ಟ್. ಹುಡುಕೋದೇನಿದೆ? ಕಣ್ಣೆದುರೇ ಇದೆ.

1992ರಲ್ಲಿ ಅಮೆರಿಕದಲ್ಲಿ ಸೆಗಾ ಸಿಡಿ ಅನ್ನೋ ಗೇಮ್ ಯಂತ್ರಕ್ಕೆ ಡಿಜಿಟಲ್ ಪಿಕ್ಚರ್ಸ್ ಕಂಪನಿ ಪಾಪ್ ಹಾಡಿನ ವಿಡಿಯೋ ಎಡಿಟ್ ಮಾಡೋ ಆಟಗಳನ್ನು ತಂತು. ಕ್ರಿಸ್ ಕ್ರಾಸ್, ಮಾರ್ಕಿ ಮಾರ್ಕ್, ಐಎನ್‌ಎಕ್ಸ್‌ಎಸ್ ಹೆಸರಲ್ಲಿ ಒಂದೊಂದು. ಅದೇ ಸಾಲಿನದು 'ಪವರ್ ಫ್ಯಾಕ್ಟರಿ', ಸಿ+ಸಿ ಮ್ಯೂಸಿಕ್ ಫ್ಯಾಕ್ಟರಿ ತಂಡದ ಹಾಡುಗಳದ್ದು. ಹಾಡು ಓಡ್ತಿರುತ್ತೆ, ಪುಟ್ಟ ಕಿಟಕಿಗಳಲ್ಲಿ ಮಸುಕು ದೃಶ್ಯಗಳು ಬರ್ತಿರುತ್ವೆ. ಗುಂಡಿ ಒತ್ತಿದ ದೃಶ್ಯ ನಿಮ್ಮ ವಿಡಿಯೋಗೆ ಸೇರುತ್ತೆ. ಹಳೇ ಗೇಮ್‌ಗಳ ಹುಚ್ಚಿರೋರು ಇದನ್ನ ಕಳಪೆ ಆಟ ಅಂತ ನಗ್ತಾರೆ. ನನಗೆ ನಗು ಬರಲ್ಲ.

ಅದರಲ್ಲಿರೋ ಒಂದು ಹಾಡು 'ಗೊನ್ನಾ ಮೇಕ್ ಯೂ ಸ್ವೆಟ್'. 1991ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನಂಬರ್ ಒನ್. ಅದರ ಪಲ್ಲವಿಯಲ್ಲಿ ಗೋಡೆ ಅದುರಿಸೋ ಹೆಣ್ಣುದನಿ ಮಾರ್ಥಾ ವಾಶ್ ಅವರದ್ದು. ಕಪ್ಪು ಮಹಿಳೆ, ದಪ್ಪ ಮೈ. ವಿಡಿಯೋದಲ್ಲಿ ಆ ದನಿಗೆ ತುಟಿ ಆಡಿಸಿದ್ದು ತೆಳ್ಳಗಿನ ಜೆಲ್ಮಾ ಡೇವಿಸ್. ದಪ್ಪ ಹೆಂಗಸಿನ ದನಿ ಮಾರಾಟ ಆಗುತ್ತೆ, ಮೈ ಆಗಲ್ಲ. ಇದು ಆ ಉದ್ಯಮದ ಲೆಕ್ಕ. ಜೆಲ್ಮಾ ಕೂಡ ಕಪ್ಪು ಹೆಣ್ಣೇ, ಅವರೂ ಗಾಯಕಿಯೇ. ನನ್ನ ಸಿಟ್ಟು ಒಬ್ಬರ ಗಂಟಲು, ಇನ್ನೊಬ್ಬರ ಮೈ ಕತ್ತರಿಸಿ ಜೋಡಿಸಿದವರ ಮೇಲೆ.

ಈಗ ಹೇಳಿ, ಯಾವ ಗುಂಡಿ ಒತ್ತಿದ್ರೆ ಮಾರ್ಥಾ ಬರ್ತಾರೆ? ಕ್ಯಾಮೆರಾ ಮುಂದೆ ನಿಲ್ಲಿಸದವರನ್ನ ಎಡಿಟಿಂಗಲ್ಲಿ ಎಲ್ಲಿಂದ ತರ್ತೀರಿ? "ಆಯ್ಕೆ ನಿಮ್ಮದೇ" ಅಂತ ಗುಂಡಿ ಕೈಗೆ ಕೊಡ್ತಾರೆ. ಯಾರನ್ನ ತೋರಿಸ್ಬೇಕು ಅನ್ನೋ ತೀರ್ಮಾನ ಅಷ್ಟೊತ್ತಿಗೆ ಮುಗಿದು ಹೋಗಿರುತ್ತೆ!

ನಮಗಿದು ಹೊಸದಾ? ಜಾತ್ರೆಗೆ ತಮಟೆ ಬೇಕು, ಬಡಿಯೋನು ಗುಡಿ ಹೊರಗೆ. ವೇದಿಕೆಗೆ ಹೋರಾಟದ ಹಾಡು ಬೇಕು, ಭಾಷಣ ಶುರುವಾದ್ರೆ ಹಾಡಿದವರು ಕೆಳಗೆ. ಆಹ್ವಾನ ಪತ್ರಿಕೆ ಅಚ್ಚಾದ ಮೇಲೆ "ನಿಮ್ಮ ಸಲಹೆ ಕೊಡಿ ಸಾರ್" ಅಂತ ಫೋನು. ಪ್ರಗತಿಪರರೇ, ನಿಮಗೂ ಸೇರಿಸಿಯೇ ಹೇಳ್ತಿದೀನಿ. 1972ರಲ್ಲಿ ಮುಂಬೈಯಲ್ಲಿ ನಮ್ಮವರು ಬ್ಲ್ಯಾಕ್ ಪ್ಯಾಂಥರ್ಸ್‌ರಿಂದ ಸ್ಫೂರ್ತಿ ಪಡೆದು ದಲಿತ್ ಪ್ಯಾಂಥರ್ಸ್ ಕಟ್ಟಿದ್ದು ಸುಮ್ನೆ ಅಲ್ಲ. ಅವರ ನೋವಿನ ಗುರುತು ನಮಗೆ ಸಿಕ್ಕಿತ್ತು.

ಮಾರ್ಥಾ ಅಳ್ತಾ ಕೂರಲಿಲ್ಲ, ಕೋರ್ಟಿಗೆ ಹೋದರು. ಕೊನೆಗೆ ರಾಜಿಯಾದಾಗ, ಈ ದನಿ ಮಾರ್ಥಾ ವಾಶ್ ಅವರದ್ದು ಅಂತ ವಿಡಿಯೋದಲ್ಲಿ ಹಾಕಿ ಎಂದು ಸೋನಿ ಕಂಪನಿಯೇ ಎಂಟಿವಿಯನ್ನು ಕೇಳಬೇಕಾಯಿತು. ಆ ಹೆಸರು ಯಾರ ದೊಡ್ಡ ಮನಸ್ಸಿಂದಲೂ ಬಂದದ್ದಲ್ಲ, ಕೇಸು ಹಾಕಿ ತಗೊಂಡದ್ದು.

ಹಾಗಾಗಿ ಮುಂದಿನ ಸಲ ನಮ್ಮನ್ನ ಕರೆಯೋರು ಕೇಳಿಸ್ಕೊಳ್ಳಿ. ನೀವು ಶೂಟ್ ಮಾಡಿಟ್ಟದ್ದರಲ್ಲಿ ಆರಿಸೋಕೆ ನಾವು ಬರಲ್ಲ. ಕ್ಯಾಮೆರಾ ಎಲ್ಲಿ ಇಡಬೇಕು ಅಂತ ಮಾತಾಡೋ ದಿನ ಕರೀರಿ, ಬರ್ತೀವಿ. ತಮಟೆ ತರ್ತೀವಿ, ನಮ್ಮ ಮುಖಾನೂ ತರ್ತೀವಿ.

ಜೈ ಭೀಮ್.