ಕಾಗದದ ಲೆಕ್ಕ

ನೆರೆಮನೆಯವರು ಅಂಗಡಿಯಿಂದ ತರುವ ಅಕ್ಕಿಯನ್ನು ಮಾತ್ರ ಎಣಿಸಿ, 'ಇವರು ಬಹಳ ಉಣ್ಣುವವರು' ಎಂದು ತೀರ್ಮಾನಿಸುವುದು ನ್ಯಾಯವಲ್ಲ. ಸ್ವಂತ ಗದ್ದೆಯುಳ್ಳವರು ಅಂಗಡಿಗೆ ಹೋಗದೆಯೇ ಹೊಟ್ಟೆ ತುಂಬ ಉಣ್ಣಬಹುದು. ದೇಶಗಳ ವ್ಯಾಪಾರದ ಅಂಕಿಗಳನ್ನು ಓದುವಾಗಲೂ ಈ ವಿವೇಕವು ಅವಶ್ಯಕ. ಇದಕ್ಕೆ ನಿದರ್ಶನವಾಗಿ ನೈಜೀರಿಯ ಮತ್ತು ದಕ್ಷಿಣ ಆಫ್ರಿಕ ದೇಶಗಳ ಕಾಗದ ಹಾಗೂ ರಟ್ಟಿನ ವ್ಯಾಪಾರವನ್ನು ಈ ಸಲ ವಿಚಾರಿಸೋಣ.

೧೯೮೮ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಸುಂಕದ ವರ್ಗೀಕರಣದಲ್ಲಿ ಮರದ ತಿರುಳಿಗೆ ೪೭ನೆಯ ಅಧ್ಯಾಯ, ಕಾಗದ ಮತ್ತು ರಟ್ಟಿಗೆ ೪೮ನೆಯದು, ಅಚ್ಚಾದ ಪುಸ್ತಕಗಳಿಗೆ ೪೯ನೆಯದು. ಆದುದರಿಂದ ಹೊರದೇಶದಲ್ಲಿ ಅಚ್ಚಾಗಿ ಬಂದ ಪಠ್ಯಪುಸ್ತಕವು ಕಾಗದದ ಆಮದಿಗೆ ಸೇರುವುದಿಲ್ಲ. ದಕ್ಷಿಣ ಆಫ್ರಿಕದ ಕಿತ್ತಳೆಯನ್ನು ಹೊತ್ತು ಹಡಗೇರುವ ರಟ್ಟಿನ ಪೆಟ್ಟಿಗೆಯು ಹಣ್ಣಿನ ಬೆಲೆಯಲ್ಲಿಯೇ ಅಡಗಿಹೋಗುತ್ತದೆ. ಮೇಲಾಗಿ, ನೈಜೀರಿಯವು ಆಮದಿನ ಬೆಲೆಗೆ ಹಡಗಿನ ಬಾಡಿಗೆಯನ್ನೂ ವಿಮೆಯನ್ನೂ ಕೂಡಿಸಿ ಬರೆದರೆ, ದಕ್ಷಿಣ ಆಫ್ರಿಕವು ಕೂಡಿಸದೆ ಬರೆಯುತ್ತದೆ. ಹೀಗಿರುವಾಗ ಹೋಲಿಕೆಗೆ ಹಣದ ಅಂಕಿಗಿಂತ ತೂಕದ ಅಂಕಿಯೇ ಮೇಲು.

ನಿಜವಾದ ಬಳಕೆಯನ್ನು ತಿಳಿಯಬೇಕಾದರೆ, ದೇಶದಲ್ಲಿ ತಯಾರಾದುದಕ್ಕೆ ಆಮದನ್ನು ಕೂಡಿಸಿ, ರಫ್ತನ್ನು ಕಳೆದು, ಉಳಿದುದನ್ನು ಜನಸಂಖ್ಯೆಯಿಂದ ಭಾಗಿಸಬೇಕು. ನೈಜೀರಿಯದ ಜನ ೨೦ ಕೋಟಿಗೂ ಹೆಚ್ಚು. ದಕ್ಷಿಣ ಆಫ್ರಿಕದವರು ೨೦೨೨ರ ಗಣತಿಯಂತೆ ಸುಮಾರು ೬ ಕೋಟಿ. ಭಾಗಿಸಿ ನೋಡಿದರೆ, ದಕ್ಷಿಣ ಆಫ್ರಿಕದಲ್ಲಿ ತಲೆಗೆ ಬೀಳುವ ಕಾಗದವು ನೈಜೀರಿಯಕ್ಕಿಂತ ಅನೇಕ ಪಟ್ಟು ಅಧಿಕ.

ಈ ಅಂತರಕ್ಕೆ ಕಾರಣವೇನು? ಉತ್ತರವು ಬಹುಮಟ್ಟಿಗೆ ಮರಗಳಲ್ಲಿದೆ. ಗಟ್ಟಿ ಕಾಗದಕ್ಕೆ ಉದ್ದ ಎಳೆಯ ತಿರುಳು ಬೇಕು. ನುಣುಪಿಗೆ ಗಿಡ್ಡ ಎಳೆಯದು ಬೇಕು. ದಕ್ಷಿಣ ಆಫ್ರಿಕದಲ್ಲಿ ಸಹಜಾರಣ್ಯವು ಅತ್ಯಲ್ಪ. ಆದರೂ ಪರದೇಶಗಳಿಂದ ತಂದು ಬೆಳೆಸಿದ ಪೈನ್ ಉದ್ದ ಎಳೆಯನ್ನೂ ನೀಲಗಿರಿಯು ಗಿಡ್ಡ ಎಳೆಯನ್ನೂ ಅಲ್ಲಿ ಒದಗಿಸುತ್ತವೆ. ೧೯೩೬ರಲ್ಲಿ ಸ್ಥಾಪಿತವಾದ ಸಪ್ಪಿ ಸಂಸ್ಥೆಯು ಇಂದು ಪ್ರಪಂಚದ ದೊಡ್ಡ ಕಾಗದ ಸಂಸ್ಥೆಗಳಲ್ಲೊಂದು. ಅಲ್ಲಿಂದ ರಫ್ತಾಗುವ ತಿರುಳಿನಲ್ಲಿ ಹೆಚ್ಚಿನ ಭಾಗವು ಕಾಗದವಾಗದೆ ಕೃತಕ ರೇಷ್ಮೆಯಾಗುತ್ತದೆಂಬುದು ಮತ್ತೊಂದು ವಿಶೇಷ.

ನೈಜೀರಿಯವೂ ಕೈಕಟ್ಟಿ ಕುಳಿತಿರಲಿಲ್ಲ. ೧೯೬೯ರಲ್ಲಿ ನೈಜರ್ ನದಿಯ ದಡದ ಜೆಬ್ಬಾದಲ್ಲಿ ಕಾಗದದ ಕಾರ್ಖಾನೆಯು ಆರಂಭವಾಯಿತು. ೧೯೮೬ರಲ್ಲಿ ಓಕು ಇಬೋಕುವಿನಲ್ಲಿ ವೃತ್ತಪತ್ರಿಕೆಯ ಕಾಗದಕ್ಕಾಗಿ ಇನ್ನೊಂದು. ತಿರುಳಿಗಾಗಿ ಅವರು ವಿಸ್ತಾರವಾಗಿ ನೆಟ್ಟುದು ನಮ್ಮ ಶಿವನೆ ಮರವನ್ನೇ. ದಶಮೂಲಗಳಲ್ಲಿ ಒಂದಾದ ಗಂಭಾರಿ ಇದೇ. ಆದರೆ ಶಿವನೆಯದು ಗಿಡ್ಡ ಎಳೆ. ಉದ್ದ ಎಳೆಯ ತಿರುಳನ್ನು ಹಣ ತೆತ್ತು ಹೊರಗಿನಿಂದಲೇ ತರಿಸಬೇಕಾಯಿತು. ವಿದೇಶೀ ಹಣವು ದುರ್ಲಭವಾದಾಗ ಯಂತ್ರಗಳು ನಿಂತವು. ಅಂದಿನಿಂದ ಆ ದೇಶವು ಕಾಗದಕ್ಕಾಗಿ ಬಹುಪಾಲು ಆಮದನ್ನೇ ನೆಚ್ಚಿದೆ.

೨೦೨೩ರ ಜೂನ್ ತಿಂಗಳಲ್ಲಿ ಅಲ್ಲಿಯ ಸರ್ಕಾರವು ತನ್ನ ನಾಣ್ಯವಾದ ನೈರಾದ ವಿನಿಮಯ ದರವನ್ನು ಪೇಟೆಗೆ ಬಿಟ್ಟಿತು. ನೈರಾದ ಬೆಲೆಯು ಬಹಳ ಕುಸಿಯಿತು. ಹೀಗಾದಾಗ ಬಂದರಿನಲ್ಲಿಳಿಯುವ ಕಾಗದವು ತುಟ್ಟಿಯಾಗುತ್ತದೆ. ಆ ಭಾರವು ಕಡೆಗೆ ಬೀಳುವುದು ಮಗುವಿಗೆ ಬರೆಯುವ ಪುಸ್ತಕವನ್ನು ಕೊಳ್ಳುವ ತಾಯಿಯ ಮೇಲೆ.

ಆದಕಾರಣ, 'ಇಂತಹ ದೇಶವು ಇಷ್ಟು ಕಾಗದವನ್ನು ತರಿಸಿತು' ಎಂಬ ಸುದ್ದಿಯನ್ನು ಕಂಡೊಡನೆ ಹೊಗಳಲೂ ಬೇಡ, ಹಳಿಯಲೂ ಬೇಡ. ಆ ದೇಶವು ತಾನೇ ತಯಾರಿಸಿದುದೆಷ್ಟು, ಒಬ್ಬೊಬ್ಬರ ಪಾಲಿಗೆ ಬಂದುದೆಷ್ಟು ಎಂದು ಮೊದಲು ಕೇಳೋಣ. ಮಗುವಿನ ಕೈಗೆ ಪುಸ್ತಕವು ಸೇರಿತೇ ಎಂಬುದೇ ಈ ಲೆಕ್ಕದ ಕೊನೆಯ ಪ್ರಶ್ನೆ.