ಸಾಕುಪ್ರಾಣಿಗಳ ಆರೈಕೆ: ನ್ಯೂಟುಗಳ ಕಾಯಿಲೆ

ಹಸು ಮೇವು ಬಿಟ್ಟರೆ ಮನೆಯವರೆಲ್ಲರಿಗೂ ತಿಳಿಯುವುದು. ನಾಯಿ ಮಂಕಾಗಿ ಮೂಲೆ ಸೇರಿದರೆ ಮಕ್ಕಳೇ ಬಂದು ಹೇಳುವರು. ಆದರೆ ಕೂಗದ, ನರಳದ, ಮುಖದಲ್ಲಿ ಯಾವ ಭಾವವನ್ನೂ ತೋರದ ಪ್ರಾಣಿಗೆ ರೋಗ ಬಂದರೆ ಅರಿಯುವುದು ಹೇಗೆ? ಅಂಥ ಮೂಕಜೀವಗಳಲ್ಲಿ ನ್ಯೂಟು ಒಂದು. ಇದು ನೋಟಕ್ಕೆ ಹಲ್ಲಿಯಂತಿದ್ದರೂ ಹಲ್ಲಿಯ ಜಾತಿಯದಲ್ಲ. ಕಪ್ಪೆಯಂತೆ ಇದೂ ಉಭಯಚರ, ಸಲಮಾಂಡರುಗಳ ಬಳಗಕ್ಕೆ ಸೇರಿದುದು. ಕನ್ನಡನಾಡಿನಲ್ಲಿ ಇದು ಹುಟ್ಟುವುದಿಲ್ಲ. ಭಾರತದಲ್ಲಿ ಡಾರ್ಜಿಲಿಂಗ್ ಮೊದಲಾದ ಪೂರ್ವ ಹಿಮಾಲಯದ ಸೀಮೆಗಳಲ್ಲಿರುವ ನ್ಯೂಟಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯುಂಟು. ಅದನ್ನು ಹಿಡಿದು ಸಾಕುವುದು ಅಪರಾಧ. ಆದರೆ ಜಪಾನ್, ಯೂರೋಪ್, ಅಮೆರಿಕಗಳಲ್ಲಿ ಕೆಂಪು ಹೊಟ್ಟೆಯ ಜಪಾನೀ ನ್ಯೂಟು ಮೊದಲಾದವನ್ನು ಗಾಜಿನ ತೊಟ್ಟಿಗಳಲ್ಲಿ ಸಾಕುವ ವಾಡಿಕೆ ಬಹುಕಾಲದಿಂದ ಇದೆ. ಆ ದೇಶಗಳಲ್ಲಿ ನೆಲಸಿರುವ ನಮ್ಮ ವಾಚಕರಿಗೂ, ಅಲ್ಲಿ ಮಕ್ಕಳು ಮೊಮ್ಮಕ್ಕಳು ಉಳ್ಳವರಿಗೂ ಉಪಯೋಗವಾಗಲೆಂದು ಈ ತಿಂಗಳು ಇದರ ವಿಷಯವನ್ನು ಬರೆಯುತ್ತೇವೆ. ಮನೆಯಲ್ಲಿ ಬಣ್ಣದ ಮೀನುಗಳನ್ನು ಸಾಕುವವರಿಗೂ ಇದರಲ್ಲಿ ಕೆಲವು ಮಾತುಗಳು ಒದಗಿಬರುವುವು.

ಮೊದಲು ತಿಳಿಯತಕ್ಕ ಸಂಗತಿ ಒಂದುಂಟು. ನ್ಯೂಟಿನ ಮೈಮೇಲೆ ಹುರುಪೆಯಿಲ್ಲ. ಶ್ವಾಸಕೋಶವಿದ್ದರೂ ಅದು ಉಸಿರಿನ ಬಹುಭಾಗವನ್ನು ಒದ್ದೆಯಾದ ತೊಗಲಿನ ಮೂಲಕವೇ ಎಳೆದುಕೊಳ್ಳುವುದು. ದೇಹಕ್ಕೆ ಬೇಕಾದ ನೀರನ್ನೂ ಹಾಗೆಯೇ ಹೀರುವುದು. ನಾವು ಉಸಿರಾಡುವ ಗಾಳಿಯೂ ಕುಡಿಯುವ ನೀರೂ ಒಂದೇ ತೊಟ್ಟಿಯಲ್ಲಿದ್ದು, ನಮ್ಮ ಮಲಮೂತ್ರಗಳೂ ಆ ತೊಟ್ಟಿಗೇ ಬೀಳುತ್ತಿದ್ದರೆ ನಮ್ಮ ಗತಿ ಏನಾದೀತೆಂದು ವಾಚಕರೇ ಊಹಿಸಿಕೊಳ್ಳಲಿ. ಕಡಿದುಹೋದ ಕಾಲನ್ನು ಮತ್ತೆ ಬೆಳೆಸಿಕೊಳ್ಳುವ ಶಕ್ತಿ ಈ ಪ್ರಾಣಿಗೆ ಇದೆ. 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಜಪಾನೀ ನ್ಯೂಟುಗಳ ಕಣ್ಣಿನ ಮಸೂರವನ್ನು 16 ವರ್ಷಗಳಲ್ಲಿ 18 ಸಾರಿ ತೆಗೆದರೂ ಪ್ರತಿಸಲವೂ ಹೊಸ ಮಸೂರ ಬೆಳೆಯಿತು. ಇಷ್ಟು ಗಟ್ಟಿಯಾದ ಜೀವವೂ ಕೆಟ್ಟ ನೀರಿಗೆ ಮಾತ್ರ ಸೋಲುವುದು. ಆದಕಾರಣ ನ್ಯೂಟಿಗೆ ಕಾಯಿಲೆಯೆಂದು ಕಂಡಾಗ ಮೊದಲು ಪರೀಕ್ಷಿಸಬೇಕಾದುದು ಅದರ ನೀರನ್ನು.

ರೋಗದ ಲಕ್ಷಣಗಳು ಇವು: ವಾರ ಕಳೆದರೂ ಆಹಾರ ಮುಟ್ಟದಿರುವುದು, ಮೈ ಬಡವಾಗುವುದು, ಓರೆಯಾಗಿ ತೇಲುತ್ತ ಮುಳುಗಲಾರದೆ ಇರುವುದು, ಹೊಟ್ಟೆ ಬಾತುಕೊಳ್ಳುವುದು, ತೊಗಲಿನ ಮೇಲೆ ಹುಣ್ಣಾಗುವುದು, ಹತ್ತಿಯ ಎಳೆಗಳಂಥ ಬಿಳಿಯ ಬೂಷ್ಟು ಹಿಡಿಯುವುದು. ಸದಾ ನೀರಿನಲ್ಲಿರುವ ಜಾತಿಯದು ಪದೇ ಪದೇ ಗೋಡೆ ಹತ್ತಿ ಹೊರಬರಲು ಹವಣಿಸಿದರೆ ನೀರು ಕೆಟ್ಟಿದೆಯೆಂದು ಸಂಶಯಪಡಬೇಕು. ಆದರೆ ತೊಗಲಿನ ತೆಳ್ಳನೆಯ ಪೊರೆ ಕಳಚಿ, ನ್ಯೂಟು ಅದನ್ನು ತಾನೇ ತಿಂದುಬಿಡುವುದನ್ನು ಕಂಡು ಯಾರೂ ಗಾಬರಿಯಾಗಬೇಕಾಗಿಲ್ಲ. ಅದು ಅದರ ಸಹಜಧರ್ಮ.

ಇನ್ನು ನೀರಿನ ವಿಚಾರ. ಮಲಮೂತ್ರದಿಂದಲೂ ತಿಂದುಳಿದ ಆಹಾರದಿಂದಲೂ ತೊಟ್ಟಿಯಲ್ಲಿ ಅಮೋನಿಯವೆಂಬ ವಿಷ ಹುಟ್ಟುವುದು. ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟಾಗಿ ಮಾರ್ಪಡಿಸುವುವು, ಅದೂ ವಿಷವೇ. ಮತ್ತೊಂದು ಬಗೆಯವು ಅದನ್ನು ಅಷ್ಟಾಗಿ ಕೇಡಿಲ್ಲದ ನೈಟ್ರೇಟಾಗಿ ಮಾಡುವುವು. ಈ ಉಪಕಾರಿ ಜೀವಿಗಳು ಹೊಸ ತೊಟ್ಟಿಯಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರಗಳು ಬೇಕು. ತೊಟ್ಟಿ ತಂದ ದಿನವೇ ನ್ಯೂಟನ್ನೂ ತಂದು ಬಿಡುವುದರಿಂದಲೇ ಅನೇಕ ಕಾಯಿಲೆಗಳು ಮೊದಲಾಗುವುವು. ನೀರು ಕಣ್ಣಿಗೆ ತಿಳಿಯಾಗಿದ್ದ ಮಾತ್ರಕ್ಕೆ ನಿರ್ವಿಷವೆಂದು ನಂಬಕೂಡದು. ಮೀನಿನ ಅಂಗಡಿಗಳಲ್ಲಿ ನೀರಿನ ಪರೀಕ್ಷೆಗೆ ಮಾರುವ ಸಾಮಗ್ರಿಯಿಂದ ಅಮೋನಿಯವೂ ನೈಟ್ರೈಟೂ ಸೊನ್ನೆಯಾಗಿರುವುದನ್ನು ನೋಡಿಕೊಳ್ಳಬೇಕು. ವಾರಕ್ಕೊಮ್ಮೆ ಕಾಲುಭಾಗ ನೀರನ್ನು ತೆಗೆದು ಹೊಸದನ್ನು ತುಂಬುವುದು ಒಳ್ಳೆಯ ಪದ್ಧತಿ. ನಲ್ಲಿಯ ನೀರಿಗೆ ಕ್ಲೋರಿನ್ ಬೆರೆತಿರುವುದರಿಂದ, ಅದನ್ನು ನಿವಾರಿಸುವ ದ್ರವವನ್ನು ಹಾಕದೆ ಉಪಯೋಗಿಸಕೂಡದು. ಕ್ಲೋರಮೈನ್ ಬೆರೆಸುವ ಊರುಗಳಲ್ಲಿ ನೀರನ್ನು ಒಂದು ದಿನ ಇಟ್ಟ ಮಾತ್ರಕ್ಕೆ ದೋಷ ಹೋಗುವುದಿಲ್ಲ.

ಎರಡನೆಯ ಶತ್ರು ಸೆಕೆ. ಜಪಾನೀ ನ್ಯೂಟಿಗೆ 16ರಿಂದ 20 ಡಿಗ್ರಿ ಸೆಲ್ಸಿಯಸ್ ಹಿತವಾದುದು; 25ನ್ನು ಮೀರಿದರೆ ಅಪಾಯ. ನೀರು ಬಿಸಿಯಾದಂತೆ ಅದರಲ್ಲಿನ ಆಮ್ಲಜನಕ ಕಡಮೆಯಾಗುವುದು, ಪ್ರಾಣಿಗೆ ಬೇಕಾದುದು ಮಾತ್ರ ಹೆಚ್ಚುವುದು. ತೊಟ್ಟಿಯನ್ನು ಬಿಸಿಲು ಬೀಳುವ ಕಿಟಕಿಯ ಬಳಿ ಇಡಬಾರದು. ಬೇಸಗೆಯಲ್ಲಿ ನೀರಿನ ಮೇಲೆ ಪಂಖದ ಗಾಳಿ ಹಾಯಿಸಿದರೆ ಶಾಖ ಕೆಲವು ಡಿಗ್ರಿ ಇಳಿಯುವುದು.

ಕಾಯಿಲೆ ಬಿದ್ದ ನ್ಯೂಟನ್ನು ಆ ದಿನವೇ ಬೇರೆ ಮಾಡಬೇಕು. ಗಾಳಿಯಾಡುವ ಮುಚ್ಚಳವಿರುವ ಚಿಕ್ಕ ಡಬ್ಬದಲ್ಲಿ ಕ್ಲೋರಿನ್ ಕಳೆದ ತಂಪು ನೀರನ್ನು ಅದರ ಬೆನ್ನು ಮುಳುಗುವಷ್ಟು ಮಾತ್ರ ಹಾಕಿ, ಹತ್ತಿ ಕೂರಲು ನುಣುಪಾದ ಕಲ್ಲೊಂದನ್ನಿಟ್ಟು, ಸದ್ದುಗದ್ದಲವಿಲ್ಲದ ನಸುಗತ್ತಲಲ್ಲಿ ಇರಿಸಬೇಕು. ನೀರನ್ನು ಪ್ರತಿದಿನವೂ ಪೂರ್ತಿಯಾಗಿ ಬದಲಾಯಿಸಬೇಕು. ಹೊಸ ನೀರಿನ ಶಾಖ ಹಳೆಯದರಷ್ಟೇ ಇರಲಿ. ತಿನ್ನುವಂತಿದ್ದರೆ ಎರೆಹುಳುವಿನ ತುಂಡನ್ನು ಕೊಟ್ಟು, ಉಳಿದುದನ್ನು ಕೂಡಲೇ ತೆಗೆಯಬೇಕು. ಮೀನಿಗೆಂದು ಮಾರುವ ಔಷಧಗಳನ್ನು ಊಹೆಯಿಂದ ಹಾಕುವುದು ಬಹಳ ಕೆಟ್ಟದ್ದು. ತಾಮ್ರ ಬೆರೆತ ಮದ್ದು ಮೀನಿಗೆ ಗುಣ ಕೊಟ್ಟರೂ, ಎಲ್ಲವನ್ನೂ ತೊಗಲಿನಿಂದ ಹೀರುವ ಈ ಪ್ರಾಣಿಗೆ ಮಾರಕವಾಗಬಹುದು. ಎರಡು ಮೂರು ದಿನಗಳಲ್ಲಿ ಚೇತರಿಕೆ ಕಾಣದಿದ್ದರೆ, ಅಥವಾ ಹುಣ್ಣು, ಬಾವುಗಳು ಕಂಡರೆ ಆ ದಿನವೇ, ಉಭಯಚರಗಳನ್ನು ಬಲ್ಲ ಪಶುವೈದ್ಯರ ಬಳಿಗೆ ಒಯ್ಯತಕ್ಕದ್ದು.

ಈ ವಿಷಯದಲ್ಲಿ ನಮ್ಮ ಹೊಣೆ ತೊಟ್ಟಿಯ ಗಾಜಿಗೇ ಮುಗಿಯುವುದಿಲ್ಲ. ನೆದರ್ಲೆಂಡ್ಸ್ ದೇಶದ ದಕ್ಷಿಣದ ಕಾಡೊಂದರಲ್ಲಿ ಕಪ್ಪು ಹಳದಿ ಬಣ್ಣದ ಬೆಂಕಿ ಸಲಮಾಂಡರುಗಳು 2010ರಿಂದೀಚೆಗೆ ಒಂದೇಸಮನೆ ಸಾಯತೊಡಗಿದುವು. ಕೆಲವೇ ವರ್ಷಗಳಲ್ಲಿ ನೂರಕ್ಕೆ ಸುಮಾರು ನಾಲ್ಕು ಮಾತ್ರ ಉಳಿದುವು. ಬೆಲ್ಜಿಯಮಿನ ಘೆಂಟ್ ವಿಶ್ವವಿದ್ಯಾನಿಲಯದ ಆನ್ ಮಾರ್ಟೆಲ್ ಮೊದಲಾದ ವಿದ್ವಾಂಸರು 2013ರಲ್ಲಿ ಇದಕ್ಕೆ ಕಾರಣವಾದ ಹೊಸ ಶಿಲೀಂಧ್ರವನ್ನು ಗುರುತಿಸಿ, ಸಲಮಾಂಡರುಗಳನ್ನು ನುಂಗುವುದು ಎಂಬರ್ಥದ ಹೆಸರನ್ನು ಕೊಟ್ಟರು. ಅದು ಏಷ್ಯದ ನ್ಯೂಟುಗಳೊಡನೆ ಬಹುಕಾಲದಿಂದ ಬಾಳಿಕೊಂಡು ಬಂದುದೆಂದೂ, ಸಾಕುಪ್ರಾಣಿಗಳ ವ್ಯಾಪಾರದ ದಾರಿಯಾಗಿ ಯೂರೋಪನ್ನು ಸೇರಿರಬೇಕೆಂದೂ 2014ರ ಸಂಶೋಧನೆ ತೋರಿಸಿತು. 2016ರಲ್ಲಿ ಅಮೆರಿಕದ ಸರಕಾರವು 201 ಬಗೆಯ ಸಲಮಾಂಡರುಗಳ ಆಮದನ್ನು ತಡೆಯಿತು. ನೋಡಲು ಆರೋಗ್ಯವಾಗಿಯೇ ಇರುವ ನ್ಯೂಟು ತನ್ನ ಮೈಮೇಲೆ ಪರದೇಶದ ಕಾಡೊಂದರ ಮೃತ್ಯುವನ್ನು ಹೊತ್ತಿರಬಹುದು.

ಆದಕಾರಣ ಹೊಸದಾಗಿ ತಂದುದನ್ನು ಹಳೆಯವುಗಳ ಜೊತೆಗೆ ಬಿಡುವ ಮುನ್ನ ಕೆಲವು ವಾರ ಬೇರೆಯಾಗಿಟ್ಟು, ವೈದ್ಯರಿಂದ ತೊಗಲಿನ ಪರೀಕ್ಷೆ ಮಾಡಿಸುವುದು ವಿವೇಕ. ರೋಗಿಯ ನೀರಿಗೆ ಬ್ಲೀಚ್ ಬೆರೆಸಿ, ಸ್ವಲ್ಪ ಹೊತ್ತು ಬಿಟ್ಟು, ಬಚ್ಚಲಿಗೆ ಚೆಲ್ಲಬೇಕು. ಕೊಳ, ಹಳ್ಳ, ತೋಟಗಳಿಗೆ ಎಂದಿಗೂ ಚೆಲ್ಲಕೂಡದು. ಸಾಕಿ ಬೇಸರವಾಯಿತೆಂದು ಪ್ರಾಣಿಯನ್ನು ಹೊರಗೆ ಬಿಡುವುದು ದಯೆಯಲ್ಲ, ದ್ರೋಹ. ಮುಟ್ಟಿದ ಮೇಲೆ ಮಕ್ಕಳು ತಪ್ಪದೆ ಸಾಬೂನಿನಿಂದ ಕೈ ತೊಳೆಯಲಿ. ಜಪಾನೀ ನ್ಯೂಟಿನ ತೊಗಲಿನಲ್ಲಿ ಕಡಲ ಪಫರ್ ಮೀನಿನಲ್ಲಿರುವಂಥ ಘೋರವಿಷವುಂಟು.

ಸರಿಯಾಗಿ ಸಾಕಿದ ನ್ಯೂಟು ಇಪ್ಪತ್ತು ವರ್ಷಗಳಿಗೂ ಮಿಗಿಲಾಗಿ ಬದುಕುವುದು. ಮಗು ಕೇಳಿತೆಂದು ತಂದುಕೊಡುವ ತಂದೆತಾಯಿಗಳು, ಆ ಮಗು ದೊಡ್ಡವನಾಗಿ ಮನೆ ಬಿಟ್ಟು ಹೋದ ಮೇಲೆಯೂ ತೊಟ್ಟಿಯ ನೀರನ್ನು ಬದಲಾಯಿಸುವವರು ಯಾರೆಂದು ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.